ಎಸ್ಟೇಟ್ ಆಫೀಸಿನ ಬ್ಯಾಕಪ್: ಯಾವ ಟೇಬಲ್ ಬಿಡಬಹುದು?

ಪ್ರಶ್ನೆ (ಮೂಡಿಗೆರೆ ಕಡೆಯ ಎಸ್ಟೇಟ್ ರೈಟರ್):
ಮೇಡಂ, ನಮ್ಮ ಹಾಜರಿ, ಕೊಯ್ಲಿನ ತೂಕ, ಮುಂಗಡ, ಬಟವಾಡೆ ಎಲ್ಲಾ ಒಂದೇ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ, ಬೇರೆ ಬೇರೆ ಟೇಬಲ್ (ಸಾಲು-ಕಾಲಂಗಳ ಪಟ್ಟಿ) ಆಗಿ ಇದೆ. ರಾತ್ರಿ ಬ್ಯಾಕಪ್ ತೆಗೆದು ಆನ್‌ಲೈನ್‌ಗೆ ಹಾಕುತ್ತೇವೆ. ಫೈಲ್ ತುಂಬಾ ದೊಡ್ಡದಾಗಿದೆ. ಮಳೆ ಹಿಡಿದರೆ ಕರೆಂಟ್, ನೆಟ್ ಎರಡೂ ಇರುವುದಿಲ್ಲ, ಅಪ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ. ಮುಖ್ಯವಾದ ನಾಲ್ಕೈದು ಟೇಬಲ್ ಮಾತ್ರ ಬ್ಯಾಕಪ್ ತೆಗೆದರೆ ಸಾಕಲ್ವಾ?

ಉತ್ತರ:
ಸಾಕಾಗುವುದಿಲ್ಲ ಸರ್. ಫೈಲನ್ನು ಜಿಜಿಪ್ (ಫೈಲ್ ಕುಗ್ಗಿಸುವುದು) ಮಾಡುತ್ತಿಲ್ಲವಾದರೆ ಮೊದಲು ಅದನ್ನು ಮಾಡಿ. ಅರ್ಧ ತಲೆನೋವು ಅಲ್ಲೇ ಹೋಗಬಹುದು.

ಆಮೇಲೂ ದೊಡ್ಡದೆನಿಸಿದರೆ, ಬಿಡುವ ಟೇಬಲ್‌ಗಳ ಪಟ್ಟಿ ಮಾಡಿ. ಬ್ಯಾಕಪ್‌ಗೆ ಸೇರಿಸುವ ಟೇಬಲ್‌ಗಳ ಪಟ್ಟಿ ಬೇಡ. ನಾಳೆ ಸಾಫ್ಟ್‌ವೇರಿನವರು ಬೋನಸ್‌ಗೆ ಅಂತ ಹೊಸ ಟೇಬಲ್ ಸೇರಿಸಿದರೆ ಅದು ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ, ಬ್ಯಾಕಪ್‌ಗೂ ಬರುವುದಿಲ್ಲ. ಯಾರಿಗೂ ಗೊತ್ತೂ ಆಗುವುದಿಲ್ಲ.

ಬಿಡಬಹುದಾದ್ದು: ಲಾಗಿನ್ ಲಾಗ್, ಸೆಷನ್ (ಈಗ ಯಾರು ಲಾಗಿನ್ ಆಗಿದ್ದಾರೆ ಎಂಬ ಗುರುತು), ಕ್ಯಾಶ್ (ನಗದಲ್ಲ, ಬೇಗ ತೋರಿಸಲೆಂದು ತಾತ್ಕಾಲಿಕವಾಗಿ ಇಟ್ಟ ನಕಲು). ರಿಪೋರ್ಟಿಗೆಂದು ಕೂಡಿಟ್ಟ ಟೇಬಲ್‌ಗಳನ್ನೂ ಬಿಡಬಹುದು, ಆದರೆ ಮೂಲ ಲೆಕ್ಕದಿಂದ ಮತ್ತೆ ತಯಾರಾಗುವಂತಿದ್ದರೆ ಮಾತ್ರ.

ಚಿಕ್ಕ ಟೇಬಲ್‌ಗಳನ್ನು ಮುಟ್ಟಲೇಬೇಡಿ. ಕೂಲಿ ದರದ ಟೇಬಲ್‌ನಲ್ಲಿ ಬೆರಳೆಣಿಕೆಯ ಸಾಲುಗಳಿರಬಹುದು: ಯಾವ ತಾರೀಕಿನಿಂದ ಕೆಜಿ ಕಾಫಿ ಹಣ್ಣಿಗೆ ಎಷ್ಟು ಅಂತ. ಅದು ಹೋದರೆ ತೂಕವೆಲ್ಲಾ ಇದ್ದರೂ ಹಳೆ ಬಟವಾಡೆ ತಾಳೆ ನೋಡಲಾಗುವುದಿಲ್ಲ. ಹಾಗೇ ಮುಂಗಡದ ಟೇಬಲ್‌ನಲ್ಲಿ ಆಳಿನ ನಂಬರ್ ಮಾತ್ರ ಇರುತ್ತದೆ, ಹೆಸರು ಬೇರೆ ಕಡೆ. '117ಕ್ಕೆ 2,000 ಮುಂಗಡ' ಅಂತ ಉಳಿದರೆ ಯಾರನ್ನು ಕೇಳುತ್ತೀರಿ?

ಬ್ಯಾಕಪ್ ಫೈಲ್ (ಡಂಪ್) ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್‌ನಲ್ಲಿ, ಟೇಬಲ್ ಬಿಡಲು ಇಗ್ನೋರ್-ಟೇಬಲ್ ಆಯ್ಕೆ ಇದೆ. ಡೇಟಾಬೇಸ್ ಹೆಸರು, ಚುಕ್ಕಿ, ಟೇಬಲ್ ಹೆಸರು ಹೀಗೆ ಕೊಡಬೇಕು. ಒಂದೊಂದು ಟೇಬಲ್‌ಗೂ ಬೇರೆ ಬೇರೆಯಾಗಿ ಬರೆಯಬೇಕು. ಇದರಲ್ಲೊಂದು ಕೊಕ್ಕೆ ಇದೆ. ಡೇಟಾ ಜೊತೆ ಟೇಬಲ್‌ನ ರಚನೆಯೂ ಬ್ಯಾಕಪ್‌ನಿಂದ ಬಿಟ್ಟುಹೋಗುತ್ತದೆ. ರಿಸ್ಟೋರ್ ಆದ (ಬ್ಯಾಕಪ್‌ನಿಂದ ಡೇಟಾಬೇಸ್ ಮತ್ತೆ ತುಂಬಿಸಿದ) ಮೇಲೆ ಸೆಷನ್ ಟೇಬಲ್ಲೇ ಇಲ್ಲ ಅಂತ ಸಾಫ್ಟ್‌ವೇರ್ ತೆರೆಯದೇ ಇರಬಹುದು. ಹಾಗಾಗಿ ಬಿಟ್ಟ ಟೇಬಲ್‌ಗಳನ್ನಷ್ಟೇ ಹೆಸರಿಸಿ, ನೋ-ಡೇಟಾ (ರಚನೆ ಮಾತ್ರ, ಡೇಟಾ ಬೇಡ) ಆಯ್ಕೆ ಹಾಕಿ ಇನ್ನೊಂದು ಪುಟ್ಟ ಡಂಪ್ ತೆಗೆದಿಡಿ. ಟ್ರಿಗರ್‌ಗಳು (ಟೇಬಲ್‌ನ ಸಾಲು ಬದಲಾದಾಗ ತಾವೇ ಓಡುವ ಆದೇಶಗಳು) ಡಂಪ್‌ನಲ್ಲಿ ತಾವಾಗಿ ಬರುತ್ತವೆ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನೊಳಗೇ ಇಟ್ಟ ಪುಟ್ಟ ಪ್ರೋಗ್ರಾಂ), ಈವೆಂಟ್ (ನಿಗದಿತ ಸಮಯಕ್ಕೆ ಓಡುವ ಕೆಲಸ) ಬರಬೇಕಾದರೆ ರೂಟೀನ್ಸ್, ಈವೆಂಟ್ಸ್ ಆಯ್ಕೆಗಳನ್ನು ಸೇರಿಸಬೇಕು.

ಸಕಲೇಶಪುರದಿಂದ ಒಬ್ಬರು:
ನಮ್ಮಲ್ಲಿ ತೂಕದ ಯಂತ್ರದಿಂದ ನೇರ ಬರುವ ರೀಡಿಂಗ್ ಟೇಬಲ್ಲೇ ದೊಡ್ಡದು. ಕೊನೆಯ ತೂಕ ಬೇರೆ ಟೇಬಲ್‌ನಲ್ಲಿದೆ. ಇದನ್ನು ಬಿಡಬಹುದಲ್ವಾ ಮೇಡಂ?

ಉತ್ತರ:
ಕೊಯ್ಲು ಮುಗಿಯುವ ತನಕ ನಾನಾದರೆ ಪೂರ್ತಿ ಬಿಡುವುದಿಲ್ಲ. 'ನನ್ನ ಚೀಲದ ತೂಕ ಕಡಿಮೆ ಬರೆದಿದ್ದೀರಿ' ಅಂತ ಯಾರಾದರೂ ಕೇಳಿದರೆ ತೋರಿಸಲು ಇರುವುದು ಅದೊಂದೇ. ರಾತ್ರಿಯ ಬ್ಯಾಕಪ್‌ನಲ್ಲಿ ಮಾತ್ರ ಅದನ್ನು ಬಿಡಿ, ಆದರೆ ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ. ಅದಕ್ಕೆ ನೆಟ್ ಬೇಡವಲ್ಲ.

ಪ್ರಶ್ನೆ ಕೇಳಿದವರು:
ಎಸ್ಟೇಟ್‌ನ ಹೋಮ್‌ಸ್ಟೇಯ ಜಿಎಸ್‌ಟಿ ಬಿಲ್ಲೂ ಇದರಲ್ಲೇ ಇದೆ. ಹಳೇ ವರ್ಷದ್ದು ಅಳಿಸಲೇ? ಮತ್ತೆ, ಬ್ಯಾಕಪ್ ಸರಿ ಇದೆ ಅಂತ ತಿಳಿಯುವುದು ಹೇಗೆ?

ಉತ್ತರ:
ಅಳಿಸಬೇಡಿ. ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆ ದಿನದಿಂದ 72 ತಿಂಗಳು ದಾಖಲೆ ಇಡಲೇಬೇಕು. ಇನ್ನು ಬ್ಯಾಕಪ್: ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ಹಿಂದಿನ ಯಾವುದಾದರೂ ಒಂದು ವಾರದ ಬಟವಾಡೆ ಶೀಟ್ ಪ್ರಿಂಟ್ ತೆಗೆಯಿರಿ. ಆಳುಗಳು ಸಹಿ ಹಾಕಿದ ರಿಜಿಸ್ಟರ್ ಪಕ್ಕ ಇಟ್ಟು ಹೆಸರು, ಮೊತ್ತ ತಾಳೆ ನೋಡಿ. ವ್ಯತ್ಯಾಸ ಬಂದರೆ ಬಿಟ್ಟ ಟೇಬಲ್‌ಗಳ ಪಟ್ಟಿಯನ್ನು ಇಲ್ಲೇ ಹಾಕಿ, ನೋಡುತ್ತೇನೆ.