ಮೆಟಲ್ ಡಿಟೆಕ್ಟರ್ ಹಿಡಿದು ಚಿನ್ನ, ಹಳೇ ನಾಣ್ಯ ಹುಡುಕೋದು ನಮ್ಮ ರಾಯಚೂರು ಕಡೆ ನಡೆಯುತ್ತಾ?

ಮಸಾರಿ_ಹುಡುಗ (ಲಿಂಗಸೂಗೂರು)

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಆಸ್ಟ್ರೇಲಿಯಾದವರ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಹೆಡ್‌ಫೋನ್ ಹಾಕಿಕೊಂಡು ಕೆಂಪು ನೆಲದಲ್ಲಿ ನಡೀತಾರೆ, ಕುಂಯ್ ಅನ್ನುತ್ತೆ, ಅರ್ಧ ಗೇಣು ಅಗೆದರೆ ಚಿನ್ನದ ಗಟ್ಟಿ. ಆ ನೆಲ ನೋಡಿದರೆ ಥೇಟ್ ನಮ್ಮ ಮಸಾರಿ ಹೊಲ! ಹಟ್ಟಿ ಚಿನ್ನದ ಗಣಿ ನಮ್ಮೂರಿಂದ ಬೈಕಲ್ಲಿ ಅರ್ಧ ತಾಸು. ಅಲ್ಲಿ ಒಳಗೆ ಚಿನ್ನ ಇದ್ದರೆ ನಮ್ಮ ಹೊಲದಲ್ಲಿ ಒಂದು ಕಡಲೆಕಾಳಿನಷ್ಟಾದರೂ ಇರಬಾರದಾ ಅಂತ ಆಸೆ.

ಇನ್ನೊಂದು ವಿಷಯ. ನಮ್ಮಜ್ಜ ರಂಟೆ ಹೊಡೆಯುವಾಗ ಸಿಕ್ಕ ಒಂದು ಬೆಳ್ಳಿ ನಾಣ್ಯ ಮನೆಯಲ್ಲಿದೆ. ಒಂದು ಬದಿ ಚಾರ್‌ಮಿನಾರ್, ಇನ್ನೊಂದು ಬದಿ ಉರ್ದು ಥರದ ಅಕ್ಷರ. ದರ್ಗಾದ ಮುಲ್ಲಾಸಾಬರು ಓದಿ ಇಸವಿ 1361 ಅಂದರು. ಅಂದರೆ ಬಹಮನಿ ಕಾಲದ್ದು ಅಲ್ವಾ? ಒಂದು ಸಿಕ್ಕಿದೆ ಅಂದಮೇಲೆ ಇನ್ನೂ ಇರಬಹುದು. 30 ಸಾವಿರ ಕೂಡಿಸಿದ್ದೇನೆ. ಯಾವ ಮಷಿನ್ ತಗೊಳ್ಳಲಿ? ಹವ್ಯಾಸಕ್ಕೆ ಅಷ್ಟೇ, ಸಾಹುಕಾರ ಆಗೋ ಕನಸೇನಿಲ್ಲ. (ಸ್ವಲ್ಪ ಇದೆ.)

ಹಟ್ಟಿ_ಶಿಫ್ಟ್_ಮುಗೀತು

ತಮ್ಮಾ, 31 ವರ್ಷ ಆ ಗಣಿಯೊಳಗೆ ಇಳಿದು ಹತ್ತಿದವನು ನಾನು. ಕಣ್ಣಿಗೆ ಕಾಣೋ ಚಿನ್ನ ನೋಡಿದ್ದು ಎಷ್ಟು ಸಲ ಅಂತ ಕೇಳು, ಒಂದು ಕೈಯ ಬೆರಳು ಸಾಕು ಎಣಿಸೋಕೆ.

ಹಟ್ಟಿ ಚಿನ್ನ ಗಟ್ಟಿಯಾಗಿ ಕೂತಿರೋದಿಲ್ಲ. ಬೆಣಚುಕಲ್ಲಿನ ಎಳೆಯೊಳಗೆ ಧೂಳಿಗಿಂತ ಸಣ್ಣಗೆ ಬೆರೆತಿರುತ್ತೆ. ಒಂದು ಟನ್ ಕಲ್ಲು ಒಡೆದು, ಹಿಟ್ಟಿನ ಹಾಗೆ ಅರೆದು, ಸೈನೈಡ್ ನೀರಲ್ಲಿ ಕರಗಿಸಿ ತೆಗೆದರೆ ಸಿಗೋದು ಕೆಲವೇ ಗ್ರಾಂ. ಮಷಿನ್‌ಗೆ ಕೇಳಿಸಬೇಕಾದರೆ ಚಿನ್ನ ಒಂದೇ ತುಂಡಾಗಿ ಇರಬೇಕು. ಧೂಳು ಎಷ್ಟೇ ಇದ್ದರೂ ಅದಕ್ಕೆ ಕಿವುಡು. ಹಟ್ಟಿ ಕಲ್ಲನ್ನೇ ತಂದು ಅದರ ಮುಂದೆ ಇಟ್ಟರೂ ಸುಮ್ನೆ ಕೂರುತ್ತೆ.

ಹಿಂದಿನವರು ನಮಗಿಂತ ಗಟ್ಟಿಗರು. ಯಂತ್ರ ಇಲ್ಲ, ಮದ್ದು ಇಲ್ಲ. ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿದು ಬಿರುಕು ಬಿಡಿಸಿ, ಹಾಗೇ 600 ಅಡಿಗೂ ಆಳಕ್ಕೆ ಹೋಗಿದ್ದಾರೆ. ಅವರ ಹಳೇ ಗುಂಡಿಗಳನ್ನು ನೋಡಿಯೇ ಬ್ರಿಟಿಷರ ಕಾಲದವರು ಇಲ್ಲಿ ಚಿನ್ನ ಇದೆ ಅಂತ ಗುರುತು ಹಿಡಿದದ್ದು. ಅಷ್ಟು ಕಷ್ಟಪಟ್ಟವರು ಮೇಲೆ ಕಡಲೆಕಾಳಿನಷ್ಟು ಬಿಟ್ಟು ಹೋಗ್ತಿದ್ದರಾ? ಆ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನದ ಕಣ ತೆಗೀತಿದ್ದರು. ಅವರದ್ದೂ ದಿನದ ಕೂಲಿ ಗಿಟ್ಟಿಸೋ ಕೆಲಸ, ಗಟ್ಟಿ ಸಿಗೋ ಕೆಲಸ ಅಲ್ಲ.

ಆಸ್ಟ್ರೇಲಿಯಾ ಕಥೆ ಬೇರೆ. ವಿಕ್ಟೋರಿಯಾದಲ್ಲಿ ಗಟ್ಟಿಗಳು ಮೇಲ್ಮಣ್ಣಲ್ಲೇ ಇವೆ. 1980ರಲ್ಲಿ ಒಬ್ಬ ಇಂಥದೇ ಮಷಿನ್ ಹಿಡಿದು 27 ಕಿಲೋ ಗಟ್ಟಿ ಎತ್ತಿದ, 'ಹ್ಯಾಂಡ್ ಆಫ್ ಫೇತ್' ಅಂತ ಅದರ ಹೆಸರು. ಅಲ್ಲಿ ಸರ್ಕಾರಕ್ಕೆ ಸ್ವಲ್ಪ ದುಡ್ಡು ಕಟ್ಟಿ 'ಮೈನರ್ಸ್ ರೈಟ್' ಅನ್ನೋ ಪರವಾನಗಿ ತಗೊಂಡರೆ ಯಾರು ಬೇಕಾದರೂ ಹುಡುಕಬಹುದು. ನಮ್ಮಲ್ಲಿ ಹಾಗಿಲ್ಲ. 1957ರ ಗಣಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಖನಿಜ ಹುಡುಕೋ ಹಾಗೇ ಇಲ್ಲ. ಚಿನ್ನದ ಆಸೆ ಬಿಡು.

ಬಳ್ಳಾರಿ_ಬಿಲ್ಲೆ

ಮೊದಲು ಆ 1361ರ ಕಥೆ ಮುಗಿಸೋಣ. ಚಾರ್‌ಮಿನಾರ್ ಕಟ್ಟಿದ್ದು 1591ರಲ್ಲಿ. ಬಹಮನಿಯವರು ಇನ್ನೂ ಕಟ್ಟದ ಚಾರ್‌ಮಿನಾರನ್ನು ನಾಣ್ಯದ ಮೇಲೆ ಹೇಗೆ ಒತ್ತಿಸ್ತಾರೆ ಅಣ್ಣಾ? ಅದು ಹಿಜರಿ ಇಸವಿ. ನಮ್ಮ ಲೆಕ್ಕಕ್ಕೆ 1942. ನಿಜಾಮರು ತಾವೇ ಹೊಡೆಸ್ತಿದ್ದ 'ಹಾಲಿ ಸಿಕ್ಕಾ' ರೂಪಾಯಿ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲೇ ಇತ್ತಲ್ಲ, ನಿಮ್ಮ ಹೊಲಗಳಲ್ಲಿ ಅದೇ ಸಿಗೋದು. ನಮ್ಮ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಇಲ್ಲಿ ಕಾಲಾಣೆ, ಆಮೇಲೆ 1943ರಿಂದ ಬಂದ ತೂತಿನ ಕಾಸು. ಹೊಲದ ಬದುವಿನ ಈ ಕಡೆ ರಾಣಿ, ಆ ಕಡೆ ಚಾರ್‌ಮಿನಾರ್! ಮತ್ತೆ ದಯವಿಟ್ಟು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಿಕ್ಕಿದರೆ ಹೊಳೆಯುತ್ತೆ, ಸಂಗ್ರಹ ಮಾಡೋರ ಕಣ್ಣಲ್ಲಿ ಅರ್ಧ ಬೆಲೆ ಹೋಯಿತು.

ಈಗ ಮಷಿನ್. ಆರು ವರ್ಷದಿಂದ ನನ್ನ ಹತ್ತಿರ ಗ್ಯಾರೆಟ್ ಕಂಪನಿಯದ್ದು ಒಂದಿದೆ. ನಮ್ಮ ಮಾವನ ಹೊಲ, ಹಳೇ ಕಣ, ಬಿದ್ದ ಮನೆ, ಇಷ್ಟರಲ್ಲೇ ಆಡ್ತೀನಿ. ಕೆಳಗಿನ ತಟ್ಟೆ ನೆಲದೊಳಗೆ ಕಾಂತಕ್ಷೇತ್ರ ಬಿಡುತ್ತೆ, ಲೋಹ ಸಿಕ್ಕರೆ ಅದರಲ್ಲಿ ಕರೆಂಟ್ ಹುಟ್ಟಿ ವಾಪಸ್ ಸುದ್ದಿ ಬರುತ್ತೆ, ಅಷ್ಟೇ. ಒಂದು ರೂಪಾಯಿ ಗಾತ್ರದ ನಾಣ್ಯ ಸುಮಾರು ಒಂದು ಗೇಣು ಆಳದಲ್ಲಿದ್ದರೆ ಕೇಳಿಸುತ್ತೆ. ಹತ್ತಡಿ ಆಳದ ಕೊಪ್ಪರಿಗೆ ತೋರಿಸುತ್ತೆ ಅಂತ ಯಾರಾದರೂ ಎರಡು ಲಕ್ಷಕ್ಕೆ ಮಾರೋಕೆ ಬಂದರೆ ಬಾಗಿಲು ಹಾಕ್ಕೊಳ್ಳಿ. ಬೋರ್ ಪಾಯಿಂಟ್ ನೋಡೋ ತೆಂಗಿನಕಾಯಿಯಾದರೂ ಆಮೇಲೆ ಚಟ್ನಿಗೆ ಆಗುತ್ತೆ.

ಕಬ್ಬಿಣಕ್ಕೆ ದಪ್ಪ ದನಿ, ಬೆಳ್ಳಿಗೆ ಚೂಪು ದನಿ. ತೊಂದರೆ ಇರೋದು ಚಿನ್ನದ್ದೇ. ಸಣ್ಣ ಚಿನ್ನದುಂಗುರಕ್ಕೂ ಅಲ್ಯೂಮಿನಿಯಂ ಹಾಳೆಗೂ ಹೆಚ್ಚುಕಡಿಮೆ ಒಂದೇ ದನಿ ಬರುತ್ತೆ. ನಿಮ್ಮದು ಹತ್ತಿ ಹೊಲ ಆಗಿದ್ದರೆ ಹುಳಕ್ಕೆ ಹೊಡೆಯೋ ಎಣ್ಣೆ (ಕೀಟನಾಶಕ) ಬಾಟಲಿ ಬಾಯಿಗೆ ಅಂಟಿಸಿರೋ ಸೀಲ್ ಹಾಳೆ ಎಷ್ಟು ಬಿದ್ದಿರುತ್ತೆ ಗೊತ್ತಲ್ಲ, ಜೊತೆಗೆ ಮಾತ್ರೆ ಪಟ್ಟಿ, ಸರಾಯಿ ಬಾಟಲಿ ಮುಚ್ಚಳ. ಪ್ರತಿಯೊಂದನ್ನೂ ಚಿನ್ನ ಅಂದುಕೊಂಡು ಅಗೀಬೇಕು. ಮೊದಲ ವರ್ಷ ನನಗೆ ಸಿಕ್ಕಿದ್ದು ಎತ್ತಿನ ಲಾಳ, ಲಾಳದ ಮೊಳೆ, ಕುಂಟೆಯ ತುಂಡು, ಒಂದು ಕಾಲುಂಗುರ.

ನೆಲ ಕೂಡ ನೋಡಬೇಕು. ಸಂಡೂರು ಕಡೆ ಅದಿರಿನ ನೆಲದಲ್ಲಿ ಮಷಿನ್ ಹಿಡಿದರೆ ಬಾಯಿ ಮುಚ್ಚೋದೇ ಇಲ್ಲ, ನೆಲವೇ ಕಬ್ಬಿಣ. ಅಂಥ ಕಡೆ ಮೊದಲು ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿ ನೆಲದ ಸದ್ದನ್ನು ಕಳೀಬೇಕು, ಗ್ರೌಂಡ್ ಬ್ಯಾಲೆನ್ಸ್ ಅಂತಾರೆ. ಆ ಸೌಲಭ್ಯ ಇಲ್ಲದ ಮಷಿನ್ ತಗೊಳ್ಳಲೇಬೇಡಿ. ಎರೆ ಹೊಲದ್ದು ಇನ್ನೊಂದು ಆಟ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತೆ, ಮೇಲಿದ್ದ ನಾಣ್ಯ ಬಿರುಕಿನೊಳಗೆ ಜಾರಿ ಮೊಳ ಆಳಕ್ಕೆ ಹೋಗುತ್ತೆ, ಮಳೆ ಬಂದು ಮುಚ್ಚಿಕೊಳ್ಳುತ್ತೆ. ಮಸಾರಿ ಹೊಲದವರೇ ಪುಣ್ಯವಂತರು.

ವಿಜಯನಗರದ ನಾಣ್ಯ ಸಿಗುತ್ತಾ ಅಂತ ಎಲ್ಲರೂ ಕೇಳ್ತಾರೆ. ವರಾಹ ಅಂದರೆ ಸುಮಾರು 3.4 ಗ್ರಾಂ ಚಿನ್ನ. ಅದರ ಹತ್ತನೇ ಒಂದು ಪಾಲು 'ಹಣ', ಗ್ರಾಂನ ಮೂರನೇ ಒಂದು ಭಾಗ. ದಿನಾ ಹಣ ಹಣ ಅಂತ ಒದ್ದಾಡ್ತೀವಲ್ಲ, ಅದು ಉಗುರಿಗಿಂತ ಸಣ್ಣ ಬಿಲ್ಲೆ. ನನ್ನ ಮಷಿನ್‌ಗೆ ಅದು ಕೇಳಿಸೋದೂ ಅನುಮಾನ.

ಗಡಿ_ಹಳ್ಳಿ_ಸಿರುಗುಪ್ಪ

ಮಷಿನ್ ಯಾಕೆ? ಮುಂಗಾರು ಬಿದ್ದ ಕೂಡಲೇ ಬುತ್ತಿ ಕಟ್ಟಿಕೊಂಡು ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಕಡೆ ನಡೀರಿ, ಜನ ಬಗ್ಗಿ ವಜ್ರ ಹುಡುಕ್ತಾ ಇರ್ತಾರೆ. ನಮ್ಮ ಚಿಕ್ಕಪ್ಪ ನಾಲ್ಕು ವರ್ಷದಿಂದ ಹೋಗ್ತಾನೆ. ಸಿಕ್ಕಿದ್ದು ಸೊಂಟ ನೋವು.

ಆನೆಗುಂದಿ_ಟೀಚರ್

ಒಂದು ಮಾತು ಯಾರೂ ಹೇಳಲಿಲ್ಲ. ನಮ್ಮ ಕಡೆ ಆ ಮಷಿನ್ ಹಿಡಿದು ನಿಂತರೆ ನೋಡಿದವರಿಗೆ ಹವ್ಯಾಸ ಕಾಣೋದಿಲ್ಲ, ನಿಧಿಗಳ್ಳ ಕಾಣ್ತಾನೆ. ಅದಕ್ಕೆ ಕಾರಣವೂ ಇದೆ. ಅಮಾವಾಸ್ಯೆ ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ಹೋದರೆ ಲಿಂಗ ಕಿತ್ತು ಪಕ್ಕಕ್ಕಿಟ್ಟು ಅಡಿಯಲ್ಲಿ ಗುಂಡಿ ತೋಡಿರೋದು, ನಿಂಬೆಹಣ್ಣು, ಕುಂಕುಮ, ಇದನ್ನೆಲ್ಲ ನಾನು ಶಾಲೆ ಮಕ್ಕಳ ಜೊತೆಗೇ ನೋಡಿದ್ದೇನೆ. ಮಕ್ಕಳು "ಮಿಸ್, ದೇವರು ಏನು ತಪ್ಪು ಮಾಡಿತ್ತು?" ಅಂತ ಕೇಳಿದರು. ನನಗೆ ಉತ್ತರ ಬರಲಿಲ್ಲ.

ಹಾಗಾಗಿ ಹಂಪಿ, ಆನೆಗುಂದಿ, ಹಿರೇಬೆಣಕಲ್ ಗುಡ್ಡ, ಮುದಗಲ್ ಕೋಟೆ, ಇಂಥ ಜಾಗದ ಹತ್ತಿರಕ್ಕೂ ಮಷಿನ್ ತರಬೇಡಿ. ಕೇಂದ್ರ ಸರ್ಕಾರ ರಕ್ಷಿಸಿರೋ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ನಿಮ್ಮದೇ ಹೊಲದಲ್ಲಿ ಅಗೆದರೂ ಹುದುಗಿಟ್ಟ ನಿಧಿ ಸಿಕ್ಕರೆ ಜೇಬಿಗೆ ಹಾಕೋ ಹಾಗಿಲ್ಲ, ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡೋ ಹಾಗಿಲ್ಲ.

ಕಾನೂನು ಬಿಡಿ. ನಾಣ್ಯ ಎಲ್ಲಿತ್ತು, ಯಾವ ಮಣ್ಣಲ್ಲಿತ್ತು, ಪಕ್ಕದಲ್ಲಿ ಮಡಕೆ ಚೂರು ಇತ್ತಾ, ಇದು ಗೊತ್ತಿದ್ದರೆ ಅದು ಇತಿಹಾಸ. ಇಲ್ಲದಿದ್ದರೆ ಬರೀ ತಗಡು. ನಿಮ್ಮ ಪಕ್ಕದ ಮಸ್ಕಿಯದ್ದೇ ನೋಡಿ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರ್ ಅಲ್ಲಿನ ಬಂಡೆ ಮೇಲಿದ್ದ ಅಕ್ಷರ ಕಂಡ. ಅದನ್ನು ಒಡೆದು ಒಳಗೆ ಚಿನ್ನ ಇದೆಯಾ ಅಂತ ನೋಡಲಿಲ್ಲ, ಸುದ್ದಿ ಮುಟ್ಟಿಸಿದ. ಓದಿಸಿದರೆ ಅಶೋಕನ ಶಾಸನ, 'ದೇವಾನಾಂಪ್ರಿಯ' ಅನ್ನೋ ಬಿರುದಿನ ಜೊತೆಗೆ ಅಶೋಕ ಅನ್ನೋ ಹೆಸರೂ ಇತ್ತು.

ಮಸಾರಿ_ಹುಡುಗ

ಟೀಚರ್, ಹಟ್ಟಿ ಕಾಕಾ, ಬಳ್ಳಾರಿ ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಬಹಮನಿ ನಾಣ್ಯ ಅಂತ ನೆಂಟರಿಗೆಲ್ಲ ತೋರಿಸಿದ್ದೆ, ಈಗ ಮುಖ ಎಲ್ಲಿ ಇಟ್ಟುಕೊಳ್ಳಲಿ. ಅಮ್ಮನಿಗೆ ಹೇಳಿದರೆ "ಅಂದ್ರೆ ನಮ್ಮಪ್ಪ ಹುಟ್ಟಿದ ಮೇಲಿನ ರೂಪಾಯಿ" ಅಂತ ನಕ್ಕಳು.

ಗುಡ್ಡ, ಗುಡಿ ಕಡೆ ಹೋಗೋದಿಲ್ಲ. ಹಾಗಾದರೆ ಈ ಮಷಿನ್ ತಗೊಂಡು ಮಾಡೋದಾದರೂ ಏನು?

ಬಳ್ಳಾರಿ_ಬಿಲ್ಲೆ

ಕಳೆದದ್ದು ಹುಡುಕಿಕೊಡೋದು! ಹೋದ ವರ್ಷ ಮೆಣಸಿನಕಾಯಿ ಬಿಡಿಸುವಾಗ ಒಬ್ಬ ಅಕ್ಕನ ಬೆಂಡೋಲೆ ಬಿತ್ತು. ಒಂದು ತಾಸು ತಿರುಗಿ ಹುಡುಕಿಕೊಟ್ಟೆ, ಆರು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಚಿನ್ನ, ಅದೂ ನನ್ನದಲ್ಲ. ರೊಟ್ಟಿ, ಎಣ್ಣೆಗಾಯಿ ಊಟ ಹಾಕಿಸಿದರು. ಆವತ್ತಿಂದ ಊರಲ್ಲಿ ಯಾರೂ ನನ್ನನ್ನು ಅನುಮಾನದಿಂದ ನೋಡೋದಿಲ್ಲ.

1992ರಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಊರಲ್ಲೂ ಹೀಗೇ. ಗೆಳೆಯನೊಬ್ಬ ಹೊಲದಲ್ಲಿ ಸುತ್ತಿಗೆ ಕಳಕೊಂಡ ಅಂತ ಹುಡುಕೋಕೆ ಹೋದವನಿಗೆ ರೋಮನ್ನರ ಕಾಲದ ಸುಮಾರು 15 ಸಾವಿರ ನಾಣ್ಯ ಸಿಕ್ಕಿತು. ಪೂರ್ತಿ ಅಗೀದೆ ಅಧಿಕಾರಿಗಳಿಗೆ ಹೇಳಿದ. ಸುತ್ತಿಗೆಯೂ ಸಿಕ್ಕಿತು, ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಎರೆಹೊಲ_ಸಿಂಧನೂರು

ಮಸಾರಿ ತಮ್ಮಾ, ಮಷಿನ್ ತಗೊಂಡರೆ ಮೊದಲು ನಮ್ಮ ಹೊಲಕ್ಕೆ ಬಾ. ಯುಗಾದಿ ಮುಂಚೆ ಟ್ರ್ಯಾಕ್ಟರ್‌ನ ದೊಡ್ಡ ಪಾನಾ ಬಿದ್ದಿದೆ, ಬಿರುಕಿನೊಳಗೆ ಹೋಯಿತು ಅಂತ ಕಾಣುತ್ತೆ. ಊಟ ನಮ್ಮ ಮನೇಲಿ.