ಅಪ್‌ಡೇಟ್: ಸೋಮವಾರದ ಹೊಟ್ಟೆನೋವು

ನಾಲ್ಕನೇ ತರಗತಿಯ ಮಗಳಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ವೈದ್ಯರ ಪರೀಕ್ಷೆಯಲ್ಲಿ ಏನೂ ಇಲ್ಲ, ನಾಟಕವೆಂದು ಗದರುತ್ತಿದ್ದೇನೆ, ಏನು ಮಾಡಲಿ ಎಂದು ಒಂದೂವರೆ ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ನಿಮ್ಮಲ್ಲೊಬ್ಬರು ಹೇಳಿದಂತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಸೇವೆ ಉಚಿತ, ಕನ್ನಡದಲ್ಲೇ ಮಾತನಾಡಿದರು. ಆತಂಕವಾದಾಗ ಹೊಟ್ಟೆ ನಿಜವಾಗಿಯೇ ಹಿಂಡುತ್ತದೆ, ಮಗು ಸುಳ್ಳು ಹೇಳುತ್ತಿಲ್ಲ ಎಂದಾಗ ನನಗೆ ನಾಚಿಕೆಯಾಯಿತು. ಹಾಗೆಂದು ಮನೆಯಲ್ಲಿ ಉಳಿಸಿಕೊಂಡರೆ ಭಯ ಇನ್ನಷ್ಟು ಬೇರೂರುತ್ತದೆ. ನೋವನ್ನು ಒಪ್ಪಿಕೊಳ್ಳಿ, ಶಾಲೆಗೂ ಕಳುಹಿಸಿ ಎಂದರು. ನಡುವೆ, "ನೀವು ಸರಿಯಾಗಿ ನಿದ್ದೆ ಮಾಡುತ್ತಿದ್ದೀರಾ?" ಎಂದೂ ಕೇಳಿದರು. ಆ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. ಫೋನಿನಲ್ಲೇ ಅತ್ತುಬಿಟ್ಟೆ.

"ಏಕೆ ಹೋಗುವುದಿಲ್ಲ?" ಎಂಬ ವಿಚಾರಣೆ ನಿಲ್ಲಿಸಿದೆ. ರಾತ್ರಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಸುಮ್ಮನೆ ಕುಳಿತುಕೊಳ್ಳುತ್ತಿದ್ದೆವು. (ಕೈಗೆ ಕೆಲಸವಿದ್ದರೆ ಬಾಯಿ ಸಡಿಲವಾಗುತ್ತದೆಯೋ ಏನೋ.) ನಾಲ್ಕನೇ ದಿನ ಅವಳೇ ಹೇಳಿದಳು: ಸೋಮವಾರ ಮೊದಲ ಪೀರಿಯಡ್‌ನಲ್ಲಿ ಮಗ್ಗಿ ಒಪ್ಪಿಸಬೇಕು, 13ರ ಮಗ್ಗಿಯಲ್ಲಿ ತಡವರಿಸಿದ್ದಕ್ಕೆ ಇಡೀ ತರಗತಿ ನಕ್ಕಿತ್ತು. ಟೀಚರ್ ಬಳಿ ಮಾತನಾಡಿದೆ. ಈಗ ಅವಳನ್ನು ಮೇಜಿನ ಹತ್ತಿರ ಕರೆದು, ಮೆಲ್ಲಗೆ ಕೇಳಿಸಿಕೊಳ್ಳುತ್ತಾರೆ.

ನಮ್ಮ ಯಜಮಾನರು ಇನ್ನೂ "ಮುದ್ದು ಹೆಚ್ಚಾಯಿತು" ಎನ್ನುತ್ತಾರೆ. ಕಳೆದ ಸೋಮವಾರವೂ ಹೊಟ್ಟೆ ನೋಯಿತು. "ನೋಯುತ್ತಿದೆ, ಗೊತ್ತು ಪುಟ್ಟಿ" ಎಂದು ಬಿಸಿನೀರು ಕುಡಿಸಿದೆ. ಹತ್ತು ನಿಮಿಷ ತಡವಾಗಿ ಆಟೊ ಹತ್ತಿದಳು.