ರಕ್ತ ಇಳಿಯುತ್ತಲೇ ಇದೆ, ಎರಡೂ ಸ್ಕೋಪಿ ನಾರ್ಮಲ್: ಸಣ್ಣ ಕರುಳಿನ ಗಡ್ಡೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಡಾಕ್ಟರ್. ಅಪ್ಪನಿಗೆ 58 ವರ್ಷ. ಒಂದು ವರ್ಷದಿಂದ ಹಿಮೋಗ್ಲೋಬಿನ್ ಇಳಿಯುತ್ತಲೇ ಇದೆ, ಎರಡು ಸಲ ರಕ್ತ ಹಾಕಿಸಿದ್ದೇವೆ. ಆಗಾಗ ಮಲ ಕಪ್ಪಗೆ ಹೋಗುತ್ತದೆ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ನಾರ್ಮಲ್. ಈಗ ಸಿಟಿ ಸ್ಕ್ಯಾನ್‌ನಲ್ಲಿ ಸಣ್ಣ ಕರುಳಿನ ಜೆಜುನಮ್ ಭಾಗದಲ್ಲಿ 6 ಸೆಂ.ಮೀ. ಗಡ್ಡೆ ಇದೆ, ‘ಜಿಸ್ಟ್ ಇರಬಹುದು’ (ಜೀರ್ಣಾಂಗದ ಗೋಡೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆ) ಅಂತ ಬರೆದಿದ್ದಾರೆ. ಬಯಾಪ್ಸಿ ಮಾಡದೆ ನೇರವಾಗಿ ಆಪರೇಷನ್ ಮಾಡುತ್ತಾರಂತೆ. ಇದು ಸರಿನಾ? ಮೊದಲೇ ಯಾಕೆ ಕಾಣಲಿಲ್ಲ?

ಉತ್ತರ (ಗ್ಯಾಸ್ಟ್ರೋ ಸರ್ಜನ್): ಕಾಣದೇ ಇದ್ದದ್ದಕ್ಕೆ ಕಾರಣ ಜಾಗ. ಬಾಯಿಂದ ಹಾಕುವ ಎಂಡೋಸ್ಕೋಪಿ ಸಣ್ಣ ಕರುಳಿನ ಶುರುವಿನ ಭಾಗದಲ್ಲೇ ನಿಲ್ಲುತ್ತದೆ. ಕೊಲೊನೋಸ್ಕೋಪಿ ದೊಡ್ಡ ಕರುಳು ದಾಟಿ ಸಣ್ಣ ಕರುಳಿನ ಕೊನೆಯ ಕೆಲವೇ ಸೆಂ.ಮೀ. ನೋಡುತ್ತದೆ. ನಡುವೆ ಉಳಿಯುವ ಸುಮಾರು 5-6 ಮೀಟರ್ ಕರುಳು ಎರಡಕ್ಕೂ ಸಿಗುವುದಿಲ್ಲ. ರಕ್ತ ಮತ್ತೆ ಮತ್ತೆ ಇಳಿಯುತ್ತಿದ್ದರೆ ‘ಎರಡೂ ನಾರ್ಮಲ್’ ಅಂತ ಅಲ್ಲಿಗೇ ಬಿಡಬಾರದು. ಜನ ಇಲ್ಲೇ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ, ನನಗೆ ಬೇಸರವಾಗುವುದೂ ಇದಕ್ಕೇ. ನಿಮ್ಮ ಡಾಕ್ಟರು ಸಿಟಿ ಮಾಡಿಸಿದ್ದು ಒಳ್ಳೆಯದಾಯಿತು.

ಇನ್ನು ಬಯಾಪ್ಸಿ. ಜಿಸ್ಟ್ ಕರುಳಿನ ಒಳಪದರದಿಂದ ಹುಟ್ಟುವುದಿಲ್ಲ, ಗೋಡೆಯ ಸ್ನಾಯು ಪದರದಿಂದ ಹುಟ್ಟುತ್ತದೆ. ಮೆದು ಗಡ್ಡೆ, ಒಳಗೆ ರಕ್ತನಾಳ ಜಾಸ್ತಿ. ಒಡೆದು ಹೊಟ್ಟೆಯೊಳಗೆ ಚೆಲ್ಲಿದರೆ ಮರಳಿ ಬರುವ ಅಪಾಯ ತುಂಬಾ ಏರುತ್ತದೆ. ಪೂರ್ತಿ ತೆಗೆಯಬಹುದಾದ ಗಡ್ಡೆ ಅಂತ ಸ್ಕ್ಯಾನ್‌ನಲ್ಲಿ ಸ್ಪಷ್ಟವಿದ್ದರೆ ಚುಚ್ಚದೆ ಇಡಿಯಾಗಿ ತೆಗೆಯುವುದೇ ವಾಡಿಕೆ. ಗಡ್ಡೆ ಇರುವ ಕರುಳಿನ ತುಂಡು ಕತ್ತರಿಸಿ ಎರಡು ತುದಿ ಜೋಡಿಸುತ್ತಾರೆ. ಜಿಸ್ಟ್ ಲಿಂಫ್ ಗಂಟುಗಳಿಗೆ ಹೋಗುವುದು ಅಪರೂಪ, ಹಾಗಾಗಿ ಸಾಮಾನ್ಯವಾಗಿ ಅವನ್ನು ಬಿಡಿಸುವ ಕೆಲಸ ಇರುವುದಿಲ್ಲ. ಲಿಂಫೋಮಾ (ಲಿಂಫ್ ಕೋಶಗಳ ಕ್ಯಾನ್ಸರ್) ಅನುಮಾನ ಇದ್ದರೆ, ಅಥವಾ ಗಡ್ಡೆ ಹರಡಿದ್ದು ಆಪರೇಷನ್ ಬದಲು ಮಾತ್ರೆ (ಅದರ ಬಗ್ಗೆ ಕೆಳಗೆ ಹೇಳಿದ್ದೇನೆ) ಮೊದಲು ಕೊಡಬೇಕಾಗಿದ್ದರೆ ಮಾತ್ರ ಬಯಾಪ್ಸಿ ಮೊದಲು ಬೇಕು.

ಪ್ರಶ್ನೆ: ‘ಕತ್ತಿ ತಾಗಿದರೆ ಹರಡುತ್ತೆ’ ಅಂತ ನೆಂಟರು ಹೆದರಿಸುತ್ತಿದ್ದಾರೆ. ಕ್ಯಾಪ್ಸೂಲ್ ಕ್ಯಾಮೆರಾ ನುಂಗಿಸಿ ನೋಡಿ ಅಂತಲೂ ಹೇಳಿದರು.

ಉತ್ತರ: ಗಡ್ಡೆ ಒಡೆಯದಂತೆ ತೆಗೆದರೆ ಆಪರೇಷನ್‌ನಿಂದ ಹರಡುವುದಿಲ್ಲ. ತಡ ಮಾಡಿದರೆ ರಕ್ತ ಸೋರುವುದು ಮುಂದುವರಿಯುತ್ತದೆ. ಕ್ಯಾಪ್ಸೂಲ್ ಒಳ್ಳೆಯ ಪರೀಕ್ಷೆಯೇ, ಆದರೆ ಗಡ್ಡೆಯಿಂದ ದಾರಿ ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳಬಹುದು. ಗಡ್ಡೆ ಎಲ್ಲಿದೆ ಅಂತ ಗೊತ್ತಾದ ಮೇಲೆ ಅಪ್ಪನಿಗೆ ಅದರ ಅಗತ್ಯ ಕಾಣುತ್ತಿಲ್ಲ.

ಪ್ರಶ್ನೆ: ಆಮೇಲೆ ಕೀಮೋ ಬೇಕಾ?

ಉತ್ತರ: ಹಳೆಯ ಕೀಮೋ, ರೇಡಿಯೇಷನ್ ಎರಡೂ ಜಿಸ್ಟ್‌ಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಬಹುತೇಕ ಜಿಸ್ಟ್‌ಗಳಲ್ಲಿ ಕಿಟ್ ಅನ್ನುವ ಜೀನ್ ಕೆಟ್ಟು ಕೋಶ ಸುಮ್ನೆ ಬೆಳೆಯುತ್ತಾ ಹೋಗುತ್ತದೆ. ಅದನ್ನು ತಡೆಯುವ ಮಾತ್ರೆ ಇಮ್ಯಾಟಿನಿಬ್. 2002ರಲ್ಲಿ ಅಮೆರಿಕದಲ್ಲಿ ಜಿಸ್ಟ್‌ಗೆ ಒಪ್ಪಿಗೆ ಸಿಕ್ಕಿತು, ಈ ಕಾಯಿಲೆಯ ಕಥೆಯೇ ಬದಲಾಯಿತು. ಎಲ್ಲರಿಗೂ ಬೇಕಿಲ್ಲ. ಪ್ಯಾಥಾಲಜಿ ರಿಪೋರ್ಟ್‌ನಲ್ಲಿ ಗಾತ್ರ ಮತ್ತು ‘ಮೈಟೋಟಿಕ್ ಕೌಂಟ್’ ನೋಡುತ್ತೇವೆ, ಅಂದರೆ ಕೋಶ ಎಷ್ಟು ಬೇಗ ಒಡೆದು ಹೆಚ್ಚುತ್ತಿದೆ ಅಂತ. ಅಷ್ಟೇ ಗಾತ್ರದ ಜಿಸ್ಟ್ ಹೊಟ್ಟೆಚೀಲದಲ್ಲಿದ್ದರೆ ಅಪಾಯ ಕಡಿಮೆ, ಸಣ್ಣ ಕರುಳಿನಲ್ಲಿದ್ದರೆ ಜಾಸ್ತಿ. ಅಪಾಯ ಹೆಚ್ಚಿದ್ದರೆ ದಿನಕ್ಕೆ 400 ಮಿ.ಗ್ರಾಂ., 3 ವರ್ಷ. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ತೆಗೆದುಕೊಳ್ಳಬೇಕು. ಕಣ್ಣಿನ ಸುತ್ತ ಊತ, ಕಾಲಿನ ಸ್ನಾಯು ಸೆಳೆತ ಬರಬಹುದು, ಡಾಕ್ಟರಿಗೆ ಹೇಳಿ, ಆದರೆ ನೀವೇ ನಿಲ್ಲಿಸಬೇಡಿ. ಜೀನ್ ಪರೀಕ್ಷೆ ಮಾಡಿಸಿ ಅಂತ ಕೇಳಿ, ಯಾಕೆಂದರೆ ಕೆಲವು ಬಗೆಯ ಜಿಸ್ಟ್ ಈ ಮಾತ್ರೆಗೆ ಬಗ್ಗುವುದಿಲ್ಲ.

ದುಡ್ಡಿನ ಚಿಂತೆ ಇದ್ದೇ ಇರುತ್ತದೆ, ಅಲ್ವಾ? ಈ ಔಷಧಿಯ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಅದರಿಂದ ನಮ್ಮಲ್ಲಿ ಜೆನೆರಿಕ್ ಮಾತ್ರೆ ಮೂಲ ಬ್ರ್ಯಾಂಡಿಗಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ವಿಚಾರಿಸಿ.

ಇನ್ನೊಬ್ಬರ ಪ್ರಶ್ನೆ: ನನ್ನ ಅಮ್ಮನಿಗೂ ರಕ್ತ ಕಡಿಮೆ. ಕಬ್ಬಿಣದ ಮಾತ್ರೆ ತಿನ್ನುತ್ತಾರೆ, ಮಲ ಕಪ್ಪಗಿದೆ. ಇದೇನಾ?

ಉತ್ತರ: ಗಾಬರಿ ಬೇಡ. ಕಬ್ಬಿಣದ ಮಾತ್ರೆಯಿಂದಲೇ ಮಲ ಕಪ್ಪಾಗುತ್ತದೆ. ರಕ್ತದ ಮಲ ಟಾರಿನ ಹಾಗೆ ಅಂಟಂಟು, ವಾಸನೆಯೂ ಕೆಟ್ಟದಾಗಿರುತ್ತದೆ. ಸಣ್ಣ ಕರುಳಿನ ಗಡ್ಡೆ ಅಪರೂಪ, ರಕ್ತಹೀನತೆಗೆ ಬೇರೆ ಕಾರಣಗಳೇ ಹೆಚ್ಚು. ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಮತ್ತು ಮಲದಲ್ಲಿ ರಕ್ತ ಇದೆಯಾ ಅನ್ನುವ ಪರೀಕ್ಷೆ ಮಾಡಿಸಿ. ತಲೆಸುತ್ತು, ಎದೆ ಡವಡವ ಇದ್ದರೆ ಅಥವಾ ಮಲ ಹಾಗೆ ಅಂಟಂಟಾಗಿದ್ದರೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.